ಆಶ್ರಯದ ಹೊಣೆ: ವಸತಿನಿಲಯಗಳ ಎಳೆಯರ ಆರೋಗ್ಯ ಮತ್ತು ಆಪ್ತಸಮಾಲೋಚನೆ

ಮನೆಯಿಂದ ದೂರವಿರುವ ಮಕ್ಕಳಿಗೂ ಹದಿಹರೆಯದವರಿಗೂ ಊಟ, ವಸತಿ, ಶಿಕ್ಷಣ ಒದಗಿಸುವ ಸಂಸ್ಥೆಯೊಂದು ಅವರ ದಿನದ ಇಪ್ಪತ್ತನಾಲ್ಕು ಗಂಟೆಗಳನ್ನೂ ತನ್ನ ಸುಪರ್ದಿಗೆ ತೆಗೆದುಕೊಳ್ಳುತ್ತದೆ. ಅವರು ಎಷ್ಟು ಹೊತ್ತಿಗೆ ಏಳಬೇಕು, ಏನು ಉಣ್ಣಬೇಕು, ಯಾರ ಪಕ್ಕದಲ್ಲಿ ಮಲಗಬೇಕು, ಯಾವಾಗ ಗೇಟು ದಾಟಬಹುದು, ಯಾರಿಗೆ ಫೋನು ಮಾಡಬಹುದು ಎಂಬುದೆಲ್ಲವೂ ಆ ಸಂಸ್ಥೆಯ ನಿರ್ಧಾರಕ್ಕೆ ಬಿಟ್ಟ ವಿಷಯವಾಗುತ್ತದೆ. ಇಷ್ಟು ವ್ಯಾಪಕವಾದ ಅಧಿಕಾರ ಇದ್ದಲ್ಲಿ ಅಷ್ಟೇ ವ್ಯಾಪಕವಾದ ಹೊಣೆಯೂ ಇರಬೇಕೆಂಬುದು ನ್ಯಾಯದ ಮಾತು. ಆದರೆ ವಸತಿ ಸಂಸ್ಥೆಗಳ ಕುರಿತ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಕಟ್ಟಡ, ಹಾಸಿಗೆ, ಊಟದ ಭತ್ಯೆ ಮತ್ತು ಎಸ್ಸೆಸ್ಸೆಲ್ಸಿ ಫಲಿತಾಂಶಗಳಲ್ಲೇ ಮುಗಿದುಹೋಗುತ್ತದೆ; ಅಲ್ಲಿರುವವರ ದೇಹ ಮತ್ತು ಮನಸ್ಸು ಹೇಗಿವೆ ಎಂಬ ಪ್ರಶ್ನೆ ದುರಂತವೊಂದು ಸಂಭವಿಸಿದಾಗಷ್ಟೇ ಮುನ್ನೆಲೆಗೆ ಬರುತ್ತದೆ. ಆರೋಗ್ಯಸೇವೆ ಮತ್ತು ಆಪ್ತಸಮಾಲೋಚನೆಗಳು ಹೊರಗಿನಿಂದ ಆಗೀಗ ಬಂದುಹೋಗುವ ಸೇವೆಗಳಾಗಿ ಉಳಿಯದೆ ವಸತಿ ಸಂಸ್ಥೆಯ ದಿನಚರಿಯ ಭಾಗವಾಗಬೇಕು, ಮತ್ತು ಎಳೆಯರ ಮಾತನ್ನು ಆಲಿಸುವವರು ಅವರನ್ನು ಶಿಸ್ತಿನಲ್ಲಿಡುವ ಅಧಿಕಾರದಿಂದ ಸ್ವತಂತ್ರರಾಗಿರಬೇಕು ಎಂಬುದು ಈ ಲೇಖನದ ವಾದ.

ಕರ್ನಾಟಕದ ಮಟ್ಟಿಗೆ ಈ ವಾದಕ್ಕೆ ವಿಶೇಷ ಮಹತ್ವವಿದೆ, ಏಕೆಂದರೆ ಇಲ್ಲಿನ ಸಾಮಾಜಿಕ ಬದಲಾವಣೆಯ ಚರಿತ್ರೆಯಲ್ಲಿ ವಿದ್ಯಾರ್ಥಿನಿಲಯಕ್ಕೆ ಶಾಲೆಯಷ್ಟೇ ದೊಡ್ಡ ಪಾತ್ರವಿದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಮೈಸೂರು ಸಂಸ್ಥಾನದಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ದಲಿತ ಮಕ್ಕಳ ಶಿಕ್ಷಣಕ್ಕಾಗಿ ದುಡಿದಾಗ, ಓದುವ ಅವಕಾಶಕ್ಕೆ ತಂಗುವ ಜಾಗವೂ ಜೊತೆಯಾಗದಿದ್ದರೆ ಅದು ಕೈಗೆಟುಕದು ಎಂಬ ಅರಿವು ಆ ಕೆಲಸದ ಹಿಂದಿತ್ತು. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಅನ್ನ ಮತ್ತು ಅಕ್ಷರಗಳನ್ನು ಒಟ್ಟಿಗೇ ನೀಡಿ ಬಡ ಕುಟುಂಬಗಳ ತಲೆಮಾರುಗಳನ್ನೇ ಮೇಲೆತ್ತಿದವು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಿಗೆ ಒತ್ತು ಕೊಟ್ಟಿತು. ಆ ಬಳಿಕ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ಹೆಸರಿನ ವಸತಿ ಶಾಲೆಗಳು ಬಂದವು, 1999ರಲ್ಲಿ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ ಸ್ಥಾಪನೆಯಾಯಿತು. ಆದಿವಾಸಿ ಹಾಡಿಗಳ ಮಕ್ಕಳಿಗಾಗಿ ಆಶ್ರಮ ಶಾಲೆಗಳಿವೆ. ಇವೆಲ್ಲಕ್ಕಿಂತ ಬೇರೆಯಾಗಿ, ಪೋಷಕರಿಲ್ಲದ, ಪೋಷಕರಿಂದಲೇ ಅಪಾಯಕ್ಕೊಳಗಾದ, ದುಡಿಮೆಯಿಂದ ಅಥವಾ ಬಾಲ್ಯವಿವಾಹದಿಂದ ಬಿಡಿಸಿ ತಂದ ಮಕ್ಕಳಿಗಾಗಿ ಬಾಲಮಂದಿರಗಳಿವೆ. ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಎಳೆಯರಿಗಾಗಿ ವೀಕ್ಷಣಾಲಯಗಳಿವೆ.

ಈ ಸಂಸ್ಥೆಗಳಲ್ಲಿರುವ ಎಳೆಯರನ್ನು ದುರ್ಬಲರೆಂದು ಕರೆಯುವಾಗ ಆ ಮಾತಿನ ವ್ಯಾಪ್ತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದೌರ್ಬಲ್ಯವಿರುವುದು ಅವರ ಸ್ವಭಾವದಲ್ಲಾಗಲಿ ಬುದ್ಧಿಯಲ್ಲಾಗಲಿ ಅಲ್ಲ, ಅವರ ಪರಿಸ್ಥಿತಿಯಲ್ಲಿ. ಕಾಯಿಲೆ ಬಿದ್ದಾಗ ಹಣೆ ಮುಟ್ಟಿ ನೋಡುವವರು, ಅನ್ಯಾಯವಾದಾಗ ಪರವಾಗಿ ಮಾತನಾಡುವವರು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಜೊತೆಗೆ ಕೂರುವವರು ಹತ್ತಿರದಲ್ಲಿಲ್ಲದ ಸ್ಥಿತಿಯೇ ದೌರ್ಬಲ್ಯ. ಇದರ ಮೇಲೆ ಬಡತನ, ಜಾತಿಯ ಅವಮಾನ, ಕುಟುಂಬದ ಒಡಕು, ಹಿಂಸೆ ಅಥವಾ ಅನಾಥಸ್ಥಿತಿಯ ಹೊರೆಯೂ ಬಿದ್ದಿದ್ದರೆ ವಸತಿ ಸಂಸ್ಥೆಗೆ ಬರುವ ಎಳೆಯರು ಟ್ರಂಕು ಹಾಸಿಗೆಗಳ ಜೊತೆಗೆ ಹಳೆಯ ನೋವುಗಳನ್ನೂ ತಂದಿರುತ್ತಾರೆ. ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯ ಮತ್ತು ಕೌಟುಂಬಿಕ ಹಿಂಸೆಗಳಿಗೂ ನಡುವಯಸ್ಸಿನ ಹೃದ್ರೋಗ, ಖಿನ್ನತೆ, ವ್ಯಸನಗಳಿಗೂ ನಿಕಟ ಸಂಬಂಧವಿರುವುದನ್ನು ತೋರಿಸಿತು. ಅಂಥ ಅನುಭವಗಳ ಸಂಖ್ಯೆ ಹೆಚ್ಚಿದಷ್ಟೂ ರೋಗದ ಅಪಾಯವೂ ಹೆಚ್ಚುತ್ತಿತ್ತು. ಮನಸ್ಸಿಗಾದ ಗಾಯವು ದೇಹದ ಆರೋಗ್ಯವನ್ನೂ ದಶಕಗಳ ಕಾಲ ಕಾಡಬಲ್ಲದು ಎಂದಾದರೆ, ಎಳವೆಯಲ್ಲೇ ಸಿಗುವ ಆರೈಕೆಯು ಮುಂದಿನ ಇಡೀ ಬದುಕಿಗೆ ಸಂಬಂಧಿಸಿದ ವಿಷಯವಾಗುತ್ತದೆ.

ಸಾಮೂಹಿಕ ವಾಸದಲ್ಲಿ ಆರೋಗ್ಯದ ಸ್ವರೂಪವೇ ಬದಲಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ವಿದ್ಯಾರ್ಥಿನಿಲಯಗಳಲ್ಲಿ ಅತಿ ಸಾಮಾನ್ಯವಾದ ಕಜ್ಜಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬರಿಗಣ್ಣಿಗೆ ಸುಲಭವಾಗಿ ಕಾಣದ ಸಣ್ಣ ಹುಳುವೊಂದು ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುವುದರಿಂದ ಬರುವ ಈ ತೊಂದರೆ ಮೊದಲ ಬಾರಿ ತಗುಲಿದವರಲ್ಲಿ ತುರಿಕೆಯಾಗಿ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರಗಳೇ ಬೇಕಾಗುತ್ತವೆ. ಆದ್ದರಿಂದ ತುರಿಸಿಕೊಳ್ಳುತ್ತಿರುವ ಹುಡುಗನೊಬ್ಬನನ್ನು ಮಾತ್ರ ಆಸ್ಪತ್ರೆಗೆ ಕರೆದೊಯ್ದು ಮುಲಾಮು ಕೊಡಿಸಿದರೆ, ಪಕ್ಕದ ಹಾಸಿಗೆಯಲ್ಲಿ ಇನ್ನೂ ಯಾವ ಲಕ್ಷಣವೂ ಕಾಣದೆ ಮಲಗಿರುವವನಿಂದ ಅದು ಅವನಿಗೆ ಮರಳಿ ಬರುತ್ತದೆ. ಕೋಣೆಯಲ್ಲಿ ಮಲಗುವ ಎಲ್ಲರಿಗೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಪರ್ಮೆಥ್ರಿನ್ ಮುಲಾಮು ಹಚ್ಚಿಸಿ, ಬೆಳಗಿನವರೆಗೆ ಬಿಟ್ಟು, ಹೊದಿಕೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ, ವಾರದ ಬಳಿಕ ಅದನ್ನೇ ಮತ್ತೊಮ್ಮೆ ಮಾಡಿದಾಗ ಮಾತ್ರ ಅದು ಹೋಗುತ್ತದೆ. ಇದಕ್ಕೆ ಬೇಕಾದದ್ದು ದೊಡ್ಡ ಆಸ್ಪತ್ರೆಯಲ್ಲ. ಸಾಕಷ್ಟು ಮುಲಾಮು, ನೀರು, ಬಿಡಿ ಹೊದಿಕೆಗಳು ಮತ್ತು ಇಡೀ ಕೋಣೆಯನ್ನು ಒಂದು ಘಟಕವಾಗಿ ನೋಡುವ ತಿಳಿವಳಿಕೆ. ಒಬ್ಬೊಬ್ಬರನ್ನೇ ಬಿಡಿಬಿಡಿಯಾಗಿ ಉಪಚರಿಸುವ ಪದ್ಧತಿ ವಸತಿ ಸಂಸ್ಥೆಯಲ್ಲಿ ಸೋಲುವುದು ಇಂಥ ಕಡೆಗಳಲ್ಲಿ.

ಹಾಗೆಂದು ಸಮೂಹವನ್ನಷ್ಟೇ ನೋಡಿ ವ್ಯಕ್ತಿಯನ್ನು ಮರೆತರೂ ಅಪಾಯ ತಪ್ಪಿದ್ದಲ್ಲ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯು ಇದಕ್ಕೆ ನಿದರ್ಶನ. ಕೆಂಪು ರಕ್ತಕಣಗಳು ಕುಡಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ಈ ಆನುವಂಶಿಕ ಕಾಯಿಲೆಯನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಗುರುತಿಸಿ ಚಿಕಿತ್ಸೆ ನೀಡುವ ಕೆಲಸವನ್ನು ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬಹುಕಾಲದಿಂದ ಮಾಡಿಕೊಂಡು ಬಂದಿದೆ. ದೇಶದ ಮಟ್ಟದಲ್ಲಿ ಇದರ ನಿರ್ಮೂಲನೆಯ ಅಭಿಯಾನವು 2023ರ ಜುಲೈನಲ್ಲಿ ಆರಂಭವಾಯಿತು. ಈ ಕಾಯಿಲೆಯಿರುವ ಮಗುವಿಗೆ ಚಳಿ, ನೀರಿನ ಕೊರತೆ ಮತ್ತು ಅತಿಯಾದ ದೈಹಿಕ ಶ್ರಮದಿಂದ ಮೈಕೈಗಳಲ್ಲಿ ಅಸಹನೀಯ ನೋವು ಕೆರಳಬಹುದು. ಆಶ್ರಮ ಶಾಲೆಯೊಂದರಲ್ಲಿ ಮುಂಜಾನೆಯ ತಣ್ಣೀರು ಸ್ನಾನ, ಬಿಸಿಲಿನಲ್ಲಿ ಕವಾಯತು, ಕುಡಿಯುವ ನೀರಿಗೆ ಸಮಯದ ಕಟ್ಟುಪಾಡು ಇವೆಲ್ಲ ಇತರರಿಗೆ ಸಾಮಾನ್ಯ ಶಿಸ್ತಾಗಿದ್ದರೂ ಆ ಮಗುವಿಗೆ ಪ್ರಾಣಸಂಕಟವಾಗಬಲ್ಲವು. ಮಗುವಿನ ರಕ್ತಪರೀಕ್ಷೆಯ ವರದಿ ಕಡತದಲ್ಲಿದ್ದು, ಅದರ ಅರ್ಥ ಅಡುಗೆಯವರಿಗೂ ದೈಹಿಕ ಶಿಕ್ಷಕರಿಗೂ ಗೊತ್ತಿಲ್ಲದಿದ್ದರೆ ಆ ಪರೀಕ್ಷೆ ನಡೆದೂ ನಡೆಯದಂತೆಯೇ ಸರಿ.

ಸರ್ಕಾರದ ಕಾರ್ಯಕ್ರಮಗಳಿಗೆ ಇಲ್ಲಿ ಕೊರತೆಯಿಲ್ಲ ಎಂಬುದನ್ನು ಒಪ್ಪಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡಗಳು ಸರ್ಕಾರಿ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತವೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಪೌಷ್ಟಿಕತೆ, ಲೈಂಗಿಕ ಆರೋಗ್ಯ, ಮಾನಸಿಕ ಆರೋಗ್ಯ, ವ್ಯಸನ, ಹಿಂಸೆ ಮತ್ತು ಅಸಾಂಕ್ರಾಮಿಕ ರೋಗಗಳೆಲ್ಲವನ್ನೂ ಹದಿಹರೆಯದವರ ಆರೋಗ್ಯದ ವ್ಯಾಪ್ತಿಗೆ ತಂದಿತು; ಅದರ ಭಾಗವಾಗಿ ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯನ್ನೂ ಆರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆಯನ್ನೂ ಕೊಡುವ ವ್ಯವಸ್ಥೆಯಿದೆ. ಆದರೂ 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 59.1ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಕಾರ್ಯಕ್ರಮ ಮತ್ತು ಮಗುವಿನ ನಡುವೆ ಉಳಿದುಬಿಡುವ ಕೊನೆಯ ನಾಲ್ಕು ಹೆಜ್ಜೆಗಳೇ ಇದಕ್ಕೆ ಒಂದು ಕಾರಣ. ಹೊರರೋಗಿ ವಿಭಾಗ ತೆರೆದಿರುವ ಹೊತ್ತಿನಲ್ಲಿ ಶಾಲೆ ನಡೆಯುತ್ತಿರುತ್ತದೆ. ಹೊರಗೆ ಹೋಗಲು ವಾರ್ಡನ್‌ರ ಅನುಮತಿ ಬೇಕು. ಅನುಮತಿ ಕೇಳುವಾಗ ಕಾರಣವನ್ನು ಎಲ್ಲರೆದುರು ಹೇಳಬೇಕು. ಮುಟ್ಟಿನ ತೊಂದರೆ, ಬಿಳಿಸೆರಗು ಅಥವಾ ಗುಪ್ತಾಂಗದ ಸೋಂಕನ್ನು ಹಾಗೆ ಹೇಳಲು ಹದಿನಾಲ್ಕರ ಹುಡುಗಿಗೆ ಬಾಯಿ ಬರುವುದಿಲ್ಲ. ತರಗತಿಯಲ್ಲಿ ತೂಕಡಿಸುವ ಅದೇ ಹುಡುಗಿಯನ್ನು ಸೋಮಾರಿ ಎಂದು ಗದರುವ ಮುನ್ನ ಅವಳ ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಬೇಕಾದ ಹೊಣೆ ಯಾರದು ಎಂಬ ಪ್ರಶ್ನೆಗೆ ಬಹುತೇಕ ಸಂಸ್ಥೆಗಳಲ್ಲಿ ಖಚಿತವಾದ ಉತ್ತರವಿಲ್ಲ.

ದೇಹದ ತೊಂದರೆ ಎಲ್ಲಿ ಮುಗಿಯುತ್ತದೆ, ಮನಸ್ಸಿನದು ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದು ಎಳೆಯರ ವಿಷಯದಲ್ಲಿ ಇನ್ನೂ ಕಷ್ಟ. ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದು ಇದಕ್ಕೆ ಸ್ಪಷ್ಟ ನಿದರ್ಶನ. ಮೂತ್ರನಾಳದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆಗಳಿಂದಲೂ ಇದು ಬರಬಹುದು. ಕೆಲವು ಮಕ್ಕಳಲ್ಲಿ ದೇಹದ ಬೆಳವಣಿಗೆ ತುಸು ನಿಧಾನವಾದುದರಿಂದಲೂ ಇರಬಹುದು. ಆದರೆ ಎಷ್ಟೋ ಕಾಲದಿಂದ ಒಣಗಿದ ಹಾಸಿಗೆಯಲ್ಲೇ ಏಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡತೊಡಗಿದರೆ ಆ ಮಗುವಿನ ಬದುಕಿನಲ್ಲಿ ಭಯವೋ ಅಗಲಿಕೆಯೋ ದೌರ್ಜನ್ಯವೋ ಪ್ರವೇಶಿಸಿರುವ ಸಾಧ್ಯತೆಯನ್ನು ಕಡೆಗಣಿಸಲಾಗದು. ಅಂಥ ಮಗುವನ್ನು ಬಾಗಿಲ ಬಳಿ ಬರಿನೆಲದಲ್ಲಿ ಮಲಗಿಸುವುದು, ಎಲ್ಲರೆದುರು ಹಾಸಿಗೆ ಒಗೆಸುವುದು, ಸಂಜೆಯ ನಂತರ ನೀರು ಕೊಡದಿರುವುದು ಮುಂತಾದ ಕ್ರಮಗಳು ಶಿಸ್ತಿನ ಹೆಸರಿನಲ್ಲಿ ನಡೆದರೆ, ಮಗು ಕೊಡಬಹುದಾಗಿದ್ದ ಒಂದೇ ಒಂದು ಸುಳಿವನ್ನೂ ಸಂಸ್ಥೆಯೇ ಅಳಿಸಿಹಾಕಿದಂತಾಗುತ್ತದೆ. ಪದೇ ಪದೇ ಬರುವ ಹೊಟ್ಟೆನೋವು, ಊಟ ಬಿಡುವುದು, ಸಣ್ಣ ಮಾತಿಗೂ ಹೊಡೆದಾಟಕ್ಕಿಳಿಯುವುದು, ಓಡಿಹೋಗುವುದು, ವೈಟ್‌ನರ್ ಅಥವಾ ಸಲ್ಯೂಷನ್ ಮೂಸುವುದು ಇವುಗಳಲ್ಲಿಯೂ ಹೀಗೆಯೇ ಹೇಳಲಾಗದ ಮಾತೊಂದು ಅಡಗಿರಬಹುದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ಅಸ್ವಾಸ್ಥ್ಯವಿರುವುದನ್ನು ಗುರುತಿಸಿತು. ಇದು ಎಲ್ಲ ಬಗೆಯ ಮನೆಗಳಲ್ಲಿರುವ ಹದಿಹರೆಯದವರ ಸರಾಸರಿಯಾಗಿದ್ದು, ಮನೆಯನ್ನೇ ಕಳೆದುಕೊಂಡವರ ನಡುವೆ ಅಗತ್ಯ ಇನ್ನೂ ಹೆಚ್ಚಿರುತ್ತದೆಂದು ಭಾವಿಸಿ ವ್ಯವಸ್ಥೆ ರೂಪಿಸುವುದೇ ವಿವೇಕ.

ಇಲ್ಲಿ ಆಪ್ತಸಮಾಲೋಚನೆಯ ಪಾತ್ರ ಬರುತ್ತದೆ. ತರಬೇತಿ ಪಡೆದ ವ್ಯಕ್ತಿಯೊಬ್ಬರು ಗೊತ್ತುಪಡಿಸಿದ ಸಮಯದಲ್ಲಿ, ಮರೆಯಿರುವ ಜಾಗದಲ್ಲಿ, ತೀರ್ಪು ಕೊಡದೆ ಆಲಿಸಿ, ಎದುರಿಗಿರುವವರು ತಮ್ಮ ಕಷ್ಟವನ್ನು ತಾವೇ ಅರಿತು ಅದರೊಡನೆ ಬಾಳುವ ಅಥವಾ ಅದರಿಂದ ಹೊರಬರುವ ದಾರಿಯನ್ನು ಕಂಡುಕೊಳ್ಳಲು ನೆರವಾಗುವ ಕ್ರಮಬದ್ಧ ಪ್ರಕ್ರಿಯೆಯನ್ನು ಆಪ್ತಸಮಾಲೋಚನೆ ಎನ್ನುತ್ತಾರೆ. ಬುದ್ಧಿವಾದ, ಹಿತವಚನ, ಸಾಧಕರ ಜೀವನಚರಿತ್ರೆಗಳ ಸ್ಫೂರ್ತಿ ಇವೆಲ್ಲಕ್ಕೂ ತಮ್ಮದೇ ಸ್ಥಾನವಿದೆ. ಆದರೆ ಇನ್ನೂರು ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂರಿಸಿ ಒಂದು ಗಂಟೆ ಮಾತನಾಡಿದ ಕಾರ್ಯಕ್ರಮವನ್ನು ಆಪ್ತಸಮಾಲೋಚನೆ ಎಂದು ವರದಿಯಲ್ಲಿ ನಮೂದಿಸುವುದು ಸರಿಯಲ್ಲ. ಆಪ್ತಸಮಾಲೋಚಕರು ಔಷಧ ಕೊಡುವವರಲ್ಲ. ತೀವ್ರ ಖಿನ್ನತೆ, ಭ್ರಮೆ, ಸ್ವಹಾನಿಯ ಆಲೋಚನೆಗಳು ಕಂಡಾಗ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ ಅಥವಾ ಮನೋವೈದ್ಯರಿಗೆ ಒಪ್ಪಿಸುವ ಹೊಣೆ ಅವರ ಮೇಲಿರುತ್ತದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ 2020ರಲ್ಲಿ ನಿಮ್ಹಾನ್ಸ್‌ನಲ್ಲಿ ಆರಂಭವಾದ ಸಂವಾದ್ ಎಂಬ ಕೇಂದ್ರವು ಸಂಕಷ್ಟದ ಪರಿಸ್ಥಿತಿಯಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ನೀಡುವ ಕಾರ್ಯವನ್ನೇ ಮುಖ್ಯವಾಗಿಟ್ಟುಕೊಂಡಿರುವುದರಿಂದ, ಈ ಕೌಶಲವನ್ನು ಕಲಿಸಬಲ್ಲ ಸಂಸ್ಥೆ ಬೆಂಗಳೂರಿನಲ್ಲೇ ಇದೆ.

ಆದರೆ ಕೌಶಲವೊಂದೇ ಸಾಲದು. ಆಲಿಸುವವರಿಗೆ ಯಾರ ಮುಂದೆ ಉತ್ತರದಾಯಿತ್ವವಿದೆ ಎಂಬ ಪ್ರಶ್ನೆ ಕೌಶಲಕ್ಕಿಂತ ಮಿಗಿಲಾದದ್ದು. ವಾರ್ಡನ್ ಎಷ್ಟೇ ಕರುಣಾಳುವಾಗಿದ್ದರೂ ಅವರ ಕೈಯಲ್ಲಿ ರಜೆ, ದಂಡನೆ, ವರ್ಗಾವಣೆ ಪತ್ರ, ಪೋಷಕರಿಗೆ ಹೋಗುವ ದೂರು ಇವೆಲ್ಲ ಇರುತ್ತವೆ. ತನಗೆ ಆದ ನೋವಿಗೆ ಸಂಸ್ಥೆಯ ಸಿಬ್ಬಂದಿಯೊಬ್ಬರು ಅಥವಾ ಹಿರಿಯ ವಿದ್ಯಾರ್ಥಿಯೊಬ್ಬನೇ ಕಾರಣನಾಗಿದ್ದರೆ, ಮಗು ಆ ವಿಷಯವನ್ನು ಅದೇ ಸಂಸ್ಥೆಯ ಮುಖ್ಯಸ್ಥರ ಬಳಿ ಹೇಳುವ ಸಂಭವ ತೀರ ಕಡಿಮೆ. ಶಾಸನಕ್ಕೆ ಈ ಸೂಕ್ಷ್ಮ ಗೊತ್ತಿದೆ. ಬಾಲಮಂದಿರಗಳಿಗೆ ಅನ್ವಯಿಸುವ ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು ಮಕ್ಕಳ ಸಲಹಾಪೆಟ್ಟಿಗೆಯ ಬೀಗದ ಕೈ ಸಂಸ್ಥೆಯ ಮೇಲ್ವಿಚಾರಕರ ಬಳಿ ಇರಬಾರದೆಂಬ ಎಚ್ಚರದಿಂದ ಅದನ್ನು ನಿರ್ವಹಣಾ ಸಮಿತಿಯ ಅಧ್ಯಕ್ಷರ ವಶಕ್ಕೆ ಕೊಟ್ಟು, ಮಕ್ಕಳ ಸಮಿತಿಯ ಸದಸ್ಯರ ಎದುರಿನಲ್ಲಿ ವಾರಕ್ಕೊಮ್ಮೆ ತೆರೆಯಬೇಕೆಂದು ಹೇಳುತ್ತವೆ. ಚೀಟಿಗಳಿಗೆ ಕೊಟ್ಟ ಈ ರಕ್ಷಣೆಯನ್ನು ಮಕ್ಕಳು ಬಾಯಿಬಿಟ್ಟು ಹೇಳುವ ಮಾತಿಗೂ ಕೊಡಬೇಕು. ಆಪ್ತಸಮಾಲೋಚಕರ ನೇಮಕ, ಸಂಬಳ, ಮೌಲ್ಯಮಾಪನಗಳು ಅವರು ಕೆಲಸ ಮಾಡುವ ಸಂಸ್ಥೆಯ ಮುಖ್ಯಸ್ಥರ ಕೈಯಲ್ಲಿರದೆ ಬೇರೊಂದು ಇಲಾಖೆಯ ಅಧೀನದಲ್ಲಿದ್ದಾಗ ಮಾತ್ರ ಅದು ಸಾಧ್ಯ. ಬಿಹಾರದ ಮುಜಫ್ಫರಪುರದ ಬಾಲಕಿಯರ ಆಶ್ರಯಧಾಮದಲ್ಲಿ ನಡೆದ ಘೋರ ಲೈಂಗಿಕ ದೌರ್ಜನ್ಯ 2018ರಲ್ಲಿ ಬೆಳಕಿಗೆ ಬಂದುದು ಹೊರಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವು ನಡೆಸಿದ ಸಾಮಾಜಿಕ ಲೆಕ್ಕಪರಿಶೋಧನೆಯಿಂದ. ದೌರ್ಜನ್ಯ ನಡೆಸುವವರ ಹಿಡಿತದಲ್ಲಿಲ್ಲದ ಕಿವಿಯೊಂದು ಅಲ್ಲಿಗೆ ತಲುಪಿದ ಮೇಲೆಯೇ ಸತ್ಯ ಹೊರಬಂದಿತು.

ಗೌಪ್ಯತೆಯ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. ಹೇಳಿದ ಮಾತು ಸಂಜೆಯೊಳಗೆ ಅಡುಗೆಮನೆಯವರೆಗೂ ಹರಡುತ್ತದೆಂದು ಗೊತ್ತಾದರೆ ಯಾವ ಮಗುವೂ ಎರಡನೆಯ ಬಾರಿ ಆ ಕೋಣೆಗೆ ಹೋಗದು. ಇನ್ನೊಂದೆಡೆ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ, ಅಂಥ ಅಪರಾಧ ನಡೆದಿರುವುದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದೇ ಶಿಕ್ಷಾರ್ಹ. ಹೀಗಿರುವಾಗ ಎಲ್ಲವನ್ನೂ ಗುಟ್ಟಾಗಿಡುತ್ತೇವೆಂದು ಮಾತುಕೊಟ್ಟು ಬಳಿಕ ದೂರು ದಾಖಲಿಸುವುದು ಮಗುವಿನ ನಂಬಿಕೆಗೆ ಎರಡನೆಯ ಪೆಟ್ಟು. ಮೊದಲ ಭೇಟಿಯಲ್ಲೇ, ಮಗುವಿನ ವಯಸ್ಸಿಗೆ ತಕ್ಕ ಮಾತಿನಲ್ಲಿ, ಯಾವುದನ್ನು ಯಾರಿಗೂ ಹೇಳುವುದಿಲ್ಲ, ಜೀವಕ್ಕೆ ಅಪಾಯವಿದ್ದಾಗ ಮತ್ತು ಇಂಥ ಅಪರಾಧ ನಡೆದಾಗ ಯಾರಿಗೆ, ಏಕೆ ಹೇಳಬೇಕಾಗುತ್ತದೆ, ಆಗ ಮಗುವಿನ ಜೊತೆಗೆ ಯಾರಿರುತ್ತಾರೆ ಎಂಬುದನ್ನು ತಿಳಿಸುವುದು ಪ್ರಾಮಾಣಿಕತೆಯ ದಾರಿ. ಮಿತಿಯನ್ನು ಮೊದಲೇ ತಿಳಿಸಿದರೆ ಮಕ್ಕಳು ಮಾತನಾಡಲು ಹಿಂಜರಿಯುತ್ತಾರೆಂಬ ಆತಂಕದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಹಿರಿಯರ ಮಾತು ಮುರಿದುಬಿದ್ದದ್ದನ್ನು ಮೊದಲೇ ಕಂಡಿರುವ ಎಳೆಯರ ಎದುರು ಮತ್ತೊಂದು ಹುಸಿಮಾತು ಆಡುವುದಕ್ಕಿಂತ ಆ ಹಿಂಜರಿಕೆಯನ್ನು ತಾಳ್ಮೆಯಿಂದ ಎದುರಿಸುವುದು ಮೇಲು.

ಆಪ್ತಸಮಾಲೋಚಕರ ಸ್ವಾತಂತ್ರ್ಯಕ್ಕಾಗಿ ವಾದಿಸುವಾಗ ಸಂಸ್ಥೆಯ ದೈನಂದಿನ ಸಿಬ್ಬಂದಿಯ ಪಾತ್ರವನ್ನು ಕಿರಿದಾಗಿಸಬಾರದು. ಆಪ್ತಸಮಾಲೋಚಕರು ವಾರಕ್ಕೊಂದು ಗಂಟೆ ನೋಡುವ ಮಗುವನ್ನು ಗೃಹಮಾತೆ, ಅಡುಗೆಯವರು, ರಾತ್ರಿ ಕಾವಲುಗಾರರು ದಿನವೂ ನೋಡುತ್ತಾರೆ. ತಟ್ಟೆಯಲ್ಲಿ ಮುದ್ದೆ ಉಳಿಸಿ ಏಳುವವರು ಯಾರು, ನಡುರಾತ್ರಿ ವರಾಂಡದಲ್ಲಿ ಕೂತಿರುವವರು ಯಾರು, ಭಾನುವಾರ ಪೋಷಕರು ಬರುವ ಹೊತ್ತಿಗೆ ಕಾಣೆಯಾಗುವವರು ಯಾರು ಎಂಬುದು ಮೊದಲು ಗೊತ್ತಾಗುವುದು ಅವರಿಗೇ. ತಜ್ಞರಲ್ಲದವರಿಗೂ ತರಬೇತಿ ಕೊಟ್ಟರೆ ಮಾನಸಿಕ ಆರೋಗ್ಯದ ಕೆಲಸದಲ್ಲಿ ಅವರು ಆಧಾರಸ್ತಂಭವಾಗಬಲ್ಲರು ಎಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಳ್ಳಾರಿಯಲ್ಲಿ ಆರೋಗ್ಯ ಕಾರ್ಯಕರ್ತರು ಕಲಿತದ್ದನ್ನು ವಸತಿನಿಲಯದ ಸಿಬ್ಬಂದಿಯೂ ಕಲಿಯಬಲ್ಲರು: ಬದಲಾವಣೆಯನ್ನು ಗಮನಿಸುವುದು, ಗದರದೆ ವಿಚಾರಿಸುವುದು, ತಮ್ಮ ಕೈಮೀರಿದ್ದನ್ನು ಸರಿಯಾದವರಿಗೆ ಒಪ್ಪಿಸುವುದು. ಇದಕ್ಕೆ ಪ್ರತಿಯಾಗಿ ಅವರ ಕೆಲಸದ ಅವಧಿ, ರಜೆ, ಗುತ್ತಿಗೆಯ ಅಭದ್ರತೆಗಳತ್ತಲೂ ನೋಡಬೇಕಾಗುತ್ತದೆ. ಬಿಡುವಿಲ್ಲದೆ ದುಡಿದು ತಿಂಗಳುಗಟ್ಟಲೆ ಸಂಬಳ ಕಾಯುವವರಿಂದ ಸದಾ ತಾಳ್ಮೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಈ ವಾದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಪರಂಪರೆಯದು: ಮಠಗಳ ಪ್ರಸಾದನಿಲಯಗಳಲ್ಲಿ, ಹಳೆಯ ಹಾಸ್ಟೆಲುಗಳಲ್ಲಿ ಯಾವ ಆಪ್ತಸಮಾಲೋಚಕರೂ ಇಲ್ಲದೆ ಪ್ರೀತಿಯಿಂದಲೇ ಸಾವಿರಾರು ಮಂದಿ ಬೆಳೆದು ದೊಡ್ಡವರಾದರು ಎಂಬುದು. ಆ ಪ್ರೀತಿ ನಿಜ, ಅದರ ಫಲವೂ ನಿಜ. ಆದರೆ ಅಲ್ಲಿಂದ ಗೆದ್ದು ಬಂದವರ ಕಥೆಗಳು ಮಾತ್ರ ಸಮಾಜಕ್ಕೆ ಕೇಳಿಸಿವೆ. ನಡುವೆಯೇ ಗಂಟುಮೂಟೆ ಕಟ್ಟಿ ಊರಿಗೆ ಮರಳಿದವರು ಏಕೆ ಮರಳಿದರೆಂದು ಯಾರೂ ಬರೆದಿಟ್ಟಿಲ್ಲ. ಎರಡನೆಯದು ಶಿಸ್ತಿನ ಆಕ್ಷೇಪ: ದೂರು ಹೇಳಲು ಬೇರೊಂದು ಜಾಗ ಸಿಕ್ಕರೆ ವಾರ್ಡನ್‌ರ ಮಾತಿಗೆ ಬೆಲೆಯಿರುವುದಿಲ್ಲ ಎಂಬುದು. ಭಯದ ಮೇಲೆ ನಿಂತ ಶಿಸ್ತಿಗೆ ಇದರಿಂದ ಧಕ್ಕೆಯಾಗಬಹುದು; ನ್ಯಾಯದ ಮೇಲೆ ನಿಂತ ಶಿಸ್ತು ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ತಮ್ಮ ಮಾತನ್ನು ಕೇಳುವವರಿದ್ದಾರೆಂದು ತಿಳಿದ ಎಳೆಯರಿಗೆ ಮಾತಿನ ಬದಲು ಕಿಟಕಿಯ ಗಾಜು ಒಡೆಯಬೇಕಾಗಿ ಬರುವುದಿಲ್ಲ.

ಮೂರನೆಯದು ಹಣದ ಆಕ್ಷೇಪ, ಮತ್ತು ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರತಿ ಸಣ್ಣ ನಿಲಯಕ್ಕೂ ಪೂರ್ಣಾವಧಿ ತಜ್ಞರನ್ನು ನೇಮಿಸುವಷ್ಟು ಹಣವೂ ಇಲ್ಲ, ತಜ್ಞರೂ ಇಲ್ಲ. ಆದರೆ ಒಂದು ತಾಲ್ಲೂಕಿನ ಕೆಲವು ನಿಲಯಗಳಿಗೆ ಸೇರಿ ಒಬ್ಬ ಆಪ್ತಸಮಾಲೋಚಕರು ನಿಗದಿತ ದಿನಗಳಲ್ಲಿ ತಪ್ಪದೆ ಬರುವಂತೆ ಮಾಡುವುದು, ಅವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧೀನಕ್ಕೆ ತರುವುದು, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಲಭ್ಯರಾಗುವ ಮನೋಚೈತನ್ಯ ಕಾರ್ಯಕ್ರಮಕ್ಕೆ ನಿಲಯಗಳನ್ನು ಜೋಡಿಸುವುದು ಹೊಸ ಕಟ್ಟಡ ಕೇಳುವ ಕೆಲಸಗಳಲ್ಲ. ಯುವಜನರಿಗೆ ಮಾರ್ಗದರ್ಶನ ನೀಡಲು ಜಿಲ್ಲೆಗಳಲ್ಲಿ ಯುವಸ್ಪಂದನ ಕೇಂದ್ರಗಳೂ ಇವೆ. ಆರೋಗ್ಯ, ಸಮಾಜ ಕಲ್ಯಾಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಯುವ ಸಬಲೀಕರಣ ಇಲಾಖೆಗಳು ತಂತಮ್ಮ ಕಡತಗಳಲ್ಲಿ ಪ್ರತ್ಯೇಕವಾಗಿ ಇಟ್ಟುಕೊಂಡಿರುವ ಸೌಲಭ್ಯಗಳು ಒಂದೇ ಮಗುವಿನ ಬಳಿಗೆ ಒಟ್ಟಾಗಿ ಬರುವಂತೆ ಮಾಡುವುದು ಮುಖ್ಯವಾಗಿ ಆಡಳಿತದ ಇಚ್ಛಾಶಕ್ತಿಗೆ ಬಿಟ್ಟದ್ದು.

ಈಗ ಇದು ಕೇವಲ ಒಳ್ಳೆಯ ಮನಸ್ಸಿನ ಪ್ರಶ್ನೆಯಾಗಿಯೂ ಉಳಿದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡದ್ದನ್ನು ದಾಖಲಿಸಿದೆ. ವಿಶಾಖಪಟ್ಟಣದ ಹಾಸ್ಟೆಲೊಂದರಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಗಳ ಪ್ರಕಾರ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕು, ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು, ಸಹಾಯವಾಣಿಯ ಸಂಖ್ಯೆಗಳನ್ನು ಹಾಸ್ಟೆಲುಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಆದರೆ ವಿದ್ಯಾರ್ಥಿಗಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲದ, ಇರುವ ಒಂದೇ ಫೋನು ವಾರ್ಡನ್‌ರ ಮೇಜಿನ ಮೇಲಿರುವ ವಸತಿ ಶಾಲೆಯಲ್ಲಿ ಗೋಡೆಯ ಮೇಲಿನ ಸಂಖ್ಯೆಯಿಂದ ಯಾರಿಗೂ ಪ್ರಯೋಜನವಿಲ್ಲ. ಯಾರ ಅನುಮತಿಯನ್ನೂ ಕೇಳದೆ, ಯಾರಿಗೂ ಕೇಳಿಸದಂತೆ ಕರೆ ಮಾಡಬಹುದಾದ ಒಂದು ಫೋನು ಆ ಸಂಖ್ಯೆಯ ಪಕ್ಕದಲ್ಲಿದ್ದಾಗಲೇ ನ್ಯಾಯಾಲಯದ ಆಶಯ ಕೈಗೂಡುತ್ತದೆ.

ಕಾನೂನಿನ ಇನ್ನೊಂದು ಅಸಮತೆಯನ್ನೂ ಸರಿಪಡಿಸಬೇಕು. ಬಾಲನ್ಯಾಯ ಕಾಯ್ದೆಯಡಿ ನೋಂದಾಯಿತವಾದ ಬಾಲಮಂದಿರದ ಮಗುವಿಗೆ ತಿಂಗಳ ವೈದ್ಯಕೀಯ ತಪಾಸಣೆ, ಆ ಮಗುವಿನ ಅಗತ್ಯಗಳನ್ನು ಆಧರಿಸಿ ರೂಪಿಸುವ ವೈಯಕ್ತಿಕ ಪಾಲನಾ ಯೋಜನೆ, ಮಕ್ಕಳ ಕಲ್ಯಾಣ ಸಮಿತಿಯ ಮೇಲ್ವಿಚಾರಣೆ ಇವೆಲ್ಲ ಕಾಗದದ ಮೇಲಾದರೂ ಹಕ್ಕುಗಳಾಗಿವೆ. ಅದೇ ವಯಸ್ಸಿನ, ಹಲವು ಬಾರಿ ಅಷ್ಟೇ ಕಷ್ಟದ ಹಿನ್ನೆಲೆಯ ಹಾಸ್ಟೆಲ್ ಹುಡುಗನಿಗೆ ಸಾಮಾನ್ಯವಾಗಿ ಇಲಾಖೆಯ ಸುತ್ತೋಲೆಗಳೇ ಆಧಾರ. ತಂದೆ ತಾಯಿ ಇದ್ದಾರೆಂಬ ಕಾರಣಕ್ಕೆ ವರ್ಷದ ಹತ್ತು ತಿಂಗಳು ಅವರಿಂದ ದೂರವಿರುವ ಎಳೆಯರ ರಕ್ಷಣೆ ಕಡಿಮೆಯಾಗಬಾರದು. ಆಶ್ರಯ ಕೊಡುವ ಇಲಾಖೆ ಯಾವುದೇ ಆಗಿರಲಿ, ಆರೋಗ್ಯದ ಕನಿಷ್ಠ ಮಾನದಂಡ ಒಂದೇ ಆಗಿರಬೇಕು.

ಕೊನೆಯದಾಗಿ, ಹದಿನೆಂಟು ತುಂಬಿದ ದಿನಕ್ಕೆ ಆರೈಕೆ ನಿಂತುಹೋಗುವ ಪ್ರಶ್ನೆ. ಬಾಲನ್ಯಾಯ ಕಾಯ್ದೆಯು ಸಂಸ್ಥೆಯಿಂದ ಹೊರಬರುವವರಿಗೆ ಇಪ್ಪತ್ತೊಂದು ವರ್ಷ ತುಂಬುವವರೆಗೆ ಹಣಕಾಸಿನ ಮತ್ತು ಇತರ ನೆರವು ನೀಡುವ ಅನುಪಾಲನೆಯನ್ನು ಗುರುತಿಸಿದೆ. ಆದರೆ ಹೊರಬರುವ ಯುವಕ ಯುವತಿಯರ ಕೈಯಲ್ಲಿ ಅಂಕಪಟ್ಟಿ, ಆಧಾರ್ ಕಾರ್ಡುಗಳ ಜೊತೆಗೆ ಅವರ ಆರೋಗ್ಯ ದಾಖಲೆಯ ಪ್ರತಿಯೂ, ಮುಂದೆ ಹೋಗಬೇಕಾದ ವೈದ್ಯರ ವಿವರವೂ ಇರುವುದು ಅಪರೂಪ. ಮೂರ್ಛೆರೋಗದ ಮಾತ್ರೆಯನ್ನು ಬಾಲಮಂದಿರದಲ್ಲಿ ತಪ್ಪದೆ ನುಂಗುತ್ತಿದ್ದವರು ಹೊರಗೆ ಬಂದು ಬಾಡಿಗೆ ಕೋಣೆ ಹುಡುಕುವ ಗಡಿಬಿಡಿಯಲ್ಲಿ ಅದನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುತ್ತದೆ, ಕೆಲಸ ಹೋಗುತ್ತದೆ, ಅದರೊಂದಿಗೆ ವಸತಿಯೂ ಹೋಗುತ್ತದೆ. ವರ್ಷಗಟ್ಟಲೆ ತಮ್ಮ ಮಾತನ್ನು ಕೇಳಿದ ಆಪ್ತಸಮಾಲೋಚಕರೂ ಅದೇ ದಿನ ಕೈಗೆ ಸಿಗದವರಾದರೆ, ಬಾಲ್ಯದಲ್ಲೇ ಅಗಲಿಕೆಯನ್ನು ಕಂಡವರಿಗೆ ಅದು ಮತ್ತೊಂದು ಅಗಲಿಕೆ. ಹೊರಡುವ ಒಂದು ವರ್ಷ ಮೊದಲೇ ಆರಂಭವಾಗಿ, ಹೊರಟ ಮೇಲೂ ಕೆಲವು ವರ್ಷ ಮುಂದುವರಿಯುವ ಆರೋಗ್ಯ ಮತ್ತು ಸಮಾಲೋಚನೆಯ ಸಂಬಂಧ ಅನುಪಾಲನೆಯ ಅನಿವಾರ್ಯ ಅಂಗವಾಗಬೇಕು.

ವಸತಿ ಸಂಸ್ಥೆಯೊಂದನ್ನು ತಪಾಸಣೆ ಮಾಡಲು ಹೋಗುವ ಅಧಿಕಾರಿಗಳು, ನ್ಯಾಯಾಧೀಶರು, ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರು ಹಾಜರಿ ಪುಸ್ತಕ ಮತ್ತು ದಾಸ್ತಾನು ವಹಿಗಳನ್ನು ನೋಡಿದ ಮೇಲೆ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಬೇಕಾದ ಕಾಲ ಬಂದಿದೆ. ಕಳೆದ ತಪಾಸಣೆಯಲ್ಲಿ ರಕ್ತಹೀನತೆ ಕಂಡುಬಂದವರ ಮರುಪರೀಕ್ಷೆ ನಡೆದಿದೆಯೇ? ಇಲ್ಲಿನ ಎಳೆಯರು ವಾರ್ಡನ್‌ರಿಗೆ ತಿಳಿಯದಂತೆ ಯಾರೊಡನಾದರೂ ಮಾತನಾಡಬಲ್ಲರೇ? ಆ ವ್ಯಕ್ತಿಯ ಸಂಬಳದ ಬಿಲ್ಲಿಗೆ ಸಹಿ ಹಾಕುವವರು ಯಾರು? ಕಳೆದ ವರ್ಷ ಇಲ್ಲಿಂದ ಹೊರಹೋದವರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ? ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟು ತಲೆಮಾರುಗಳನ್ನು ಬೆಳೆಸಿದ ನಾಡಿಗೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಶಕ್ತಿಯಿದೆ. ಉತ್ತರ ಸಿಗುವವರೆಗೆ ಇವುಗಳನ್ನು ಕೇಳುತ್ತಲೇ ಇರುವುದು ತಪಾಸಣೆ ನಡೆಸುವವರ, ಅವರನ್ನು ನೇಮಿಸುವ ಸರ್ಕಾರದ ಮತ್ತು ಆ ಸರ್ಕಾರವನ್ನು ಆರಿಸುವ ನಾಗರಿಕರ ಕರ್ತವ್ಯ.